ಜಿಲ್ಲೆಯ ರ್‍ಯಾಂಕ್ ನೋಡಿ ಸರಕಾರಿ ಪ್ರೌಢಶಾಲೆಗೆ ಸೇರಿಸಬಹುದೇ?

ಪ್ರಶ್ನೆ (ಪೋಷಕಿ, ಮಲ್ಪೆ)

ಮಗಳು ಈ ವರ್ಷ ಏಳನೇ ತರಗತಿ ಮುಗಿಸುತ್ತಿದ್ದಾಳೆ. ಮನೆಮಾತು ತುಳು, ಓದುತ್ತಿರುವುದು ಕನ್ನಡ ಮಾಧ್ಯಮದಲ್ಲಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಪ್ರಥಮವಾಯಿತು; 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ಬಂದರೆ, ಶೇ. 89.96 ಪಡೆದ ನಾವು ಎರಡನೆಯವರಾದೆವು. ಹೀಗಿದ್ದರೂ ನೆರೆಕರೆಯವರೆಲ್ಲ ಸಾಲ ಮಾಡಿಯಾದರೂ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ ಎನ್ನುತ್ತಾರೆ. ಈ ಫಲಿತಾಂಶವನ್ನು ನಂಬಿ ಅವಳನ್ನು ಎಂಟನೇ ತರಗತಿಗೆ ಹತ್ತಿರದ ಸರಕಾರಿ ಪ್ರೌಢಶಾಲೆಗೆ ಕಳುಹಿಸಬಹುದೇ?

ಉತ್ತರ (ನಿವೃತ್ತ ಗಣಿತ ಶಿಕ್ಷಕ, ಉಡುಪಿ)

ಶಾಲೆ ಯಾವುದೇ ಇರಲಿ, ಜಿಲ್ಲೆಯ ಸ್ಥಾನವನ್ನು ನೋಡಿ ಆರಿಸಬೇಡಿ. ಆ ಲೆಕ್ಕದಲ್ಲಿ ಸರಕಾರಿ, ಅನುದಾನಿತ, ಖಾಸಗಿ ಎಲ್ಲವೂ ಸೇರಿರುತ್ತವೆ. 2023ರಲ್ಲಿ ಇದೇ ಉಡುಪಿ 18ನೇ ಸ್ಥಾನದಲ್ಲಿತ್ತು. ಒಂದು ವರ್ಷದಲ್ಲಿ ಶಿಕ್ಷಕರೂ ಮಕ್ಕಳೂ ಅಷ್ಟೊಂದು ಬದಲಾಗುವುದಿಲ್ಲ; ಬದಲಾದದ್ದು ಪರೀಕ್ಷೆ ನಡೆಸುವ ಕ್ರಮ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ (ದೂರದಿಂದಲೇ ನೇರ ವೀಕ್ಷಣೆ) ಮಾಡಿದಾಗ ರಾಜ್ಯದ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದ ಮೇಲೆ. ಅಂಥ ಬಿಗಿಯಲ್ಲೂ ಕರಾವಳಿಯ ಮಕ್ಕಳು ಕುಸಿಯಲಿಲ್ಲ ಎಂಬುದಕ್ಕೆ ನಮ್ಮ ಶಿಕ್ಷಕರನ್ನು ಮೆಚ್ಚಲೇಬೇಕು.

ಆದರೆ ಪಾಸಾಗುವುದು ಬೇರೆ, ಕಲಿಯುವುದು ಬೇರೆ. ನನ್ನ ತರಗತಿಯ ಹುಡುಗನೊಬ್ಬ ಬೋರ್ಡಿನ ಮೇಲೆ ಭಾಗಾಕಾರವನ್ನು ತಪ್ಪಿಲ್ಲದೆ ಮಾಡುತ್ತಿದ್ದ. ಅದನ್ನೇ ‘ಒಂದು ದೋಣಿಯ ಮೀನನ್ನು ಏಳು ಜನ ಸಮನಾಗಿ ಹಂಚಿಕೊಂಡರೆ’ ಎಂದು ಬರೆದುಕೊಟ್ಟರೆ, ‘ಸಮನಾಗಿ’ ಎಂಬಲ್ಲಿ ಬೆರಳಿಟ್ಟು ನಿಂತುಬಿಡುತ್ತಿದ್ದ. ತುಳುವಿನಲ್ಲಿ ಹೇಳಿದರೆ ಕೂಡಲೇ ಉತ್ತರ ಬರುತ್ತಿತ್ತು. ಪಾಸಾಗಲು ಸಾಕಾಗುವಷ್ಟನ್ನೇ ಆಯ್ದುಕೊಡುವ ಪಾಸಿಂಗ್ ಪ್ಯಾಕೇಜಿನ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದೆವು. ಅವನು ಪಾಸಾದ, ಶಾಲೆಯ ಶೇಕಡಾವಾರಿನಲ್ಲಿ ಸೇರಿದ. ಸರಾಗವಾಗಿ ಓದಲು ಕಲಿಸದೆ ಅವನನ್ನು ಕಳುಹಿಸಿದ ನೋವು ಇಂದಿಗೂ ನನ್ನಲ್ಲಿದೆ. ನಿಮ್ಮ ಮಗಳ ಕೈಗೆ ಅವಳು ನೋಡಿರದ ಒಂದು ಪುಟ ಕೊಟ್ಟು, ಓದಿಸಿ, ಅರ್ಥ ಕೇಳಿ. ತಡವರಿಸಿದರೆ ಈ ರಜೆಯಲ್ಲೇ ದಿನಕ್ಕೆ ಅರ್ಧ ಗಂಟೆ ಜೊತೆಗೆ ಕುಳಿತು ಓದಿಸಿ.

ಉತ್ತರ (ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ, ಮಂಗಳೂರು)

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಶಾಲೆಗೆ ಹೋಗಿ, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆಯೇ ಎಂದು ಮೊದಲು ವಿಚಾರಿಸಿ. ನಮ್ಮಲ್ಲಿ ಒಮ್ಮೆ ಗಣಿತಕ್ಕೆ ಅತಿಥಿ ಶಿಕ್ಷಕರು ಬರುವಾಗ ಆಗಸ್ಟ್ ಆಗಿತ್ತು. ಅಷ್ಟರವರೆಗೆ ಕನ್ನಡ ಟೀಚರೇ ಆ ಪೀರಿಯಡ್ ನೋಡಿಕೊಂಡರು. ಖಾಸಗಿ ಶಾಲೆಯ ಶೇ. 100ರ ಫಲಕ ಕಂಡರೂ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತಕ್ಕೆ ಎಷ್ಟು ಮಂದಿ ಉಳಿದರು ಎಂದು ಕೇಳಿ. ಹಿಂದುಳಿದ ಮಗುವಿನ ಟಿಸಿ ಕೈಗಿತ್ತ ಮೇಲೆ ಬರುವ ನೂರಕ್ಕೆ ಬೆಲೆಯಿಲ್ಲ.

ಉತ್ತರ (ಪೋಷಕಿ, ಮಲ್ಪೆ)

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಶಾಲೆಗೆ ಹೋಗಿ ಬಂದೆ. ಗಣಿತ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆ, ವಿಜ್ಞಾನದ ಹುದ್ದೆ ಖಾಲಿಯಿದೆ. ಮುಖ್ಯೋಪಾಧ್ಯಾಯಿನಿ ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ಮಗಳನ್ನು ಅಲ್ಲಿಗೇ ಸೇರಿಸುತ್ತೇನೆ. ಜೂನ್‌ಗೆ ಮೊದಲೇ ವಿಜ್ಞಾನ ಶಿಕ್ಷಕರನ್ನು ಕೊಡಿ ಎಂದು ನಾವು ಕೆಲವು ಪೋಷಕರು ಮನವಿ ಬರೆಯುತ್ತಿದ್ದೇವೆ. ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟರೆ ಸಾಕೇ, ಉಪನಿರ್ದೇಶಕರಿಗೂ ಕೊಡಬೇಕೇ?