ದೊಡ್ಡ ಕಾಟ್ಲಾ ಉಳಿಸಿದರೆ ಕೆರೆಯಲ್ಲೇ ಮರಿ ಆಗುತ್ತಾ? ಕಡಲಿನ ಕಾಡ್ (cod) ಮೀನಿನ ಲೆಕ್ಕ ನಮಗೆ ಹೊಂದುತ್ತಾ?

ಕೆರೆಯಂಗಳ_ಶಿರಾ:
ಶಿರಾ ತಾಲ್ಲೂಕಿನ ಕೆರೆ. ತುಂಬಿದಾಗ ಸುಮಾರು 40 ಹೆಕ್ಟೇರ್ ನೀರು, ಸಹಕಾರ ಸಂಘದ ಗುತ್ತಿಗೆ. ಈ ಸಲ ಕೋಡಿ ಬಿದ್ದಿದೆ. ಸಂಘದ ಸಭೆಯಲ್ಲಿ ಒಂದು ವಾದ ಎದ್ದಿದೆ: ಕೆನಡಾದಲ್ಲಿ ದೊಡ್ಡ ಕಾಡ್ ಮೀನನ್ನೆಲ್ಲ ಬಳಿದು ಹಾಕಿ ಕಡಲೇ ಬರಿದಾಯ್ತು, ಹಾಗಾಗಿ ಮೂರು ಕಿಲೋ ದಾಟಿದ ಕಾಟ್ಲಾ, ರೋಹು ಮುಟ್ಟೋದು ಬೇಡ, ಅವೇ ಮರಿ ಮಾಡ್ಕೊಳ್ತವೆ, ಬಿತ್ತನೆ ಮರಿ ದುಡ್ಡು ಉಳಿಯುತ್ತೆ ಅಂತ. ಇದು ಸರೀನಾ? ಅಲ್ಲದಿದ್ದರೆ ಮರಿ ಎಷ್ಟು ಬಿಡಬೇಕು, ಬಲೆ ಕಣ್ಣು ಎಷ್ಟಿರಬೇಕು?

ತೂಬಿನಕಲ್ಲು:
ಸರಿಯಲ್ಲ ಸಾರ್. ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆ ಜಾತಿಯ ನದಿ ಮೀನು. ಮುಂಗಾರಿನ ಹೊಸ ನೀರು ಹರಿದು ದಡದ ಬಯಲು ಮುಳುಗಿದಾಗ ಮೊಟ್ಟೆ ಇಡುವ ಜಾತಿ. ನಿಂತ ಕೆರೆಯಲ್ಲಿ ಎರಡು ವರ್ಷಕ್ಕೆ ಹೊಟ್ಟೆ ತುಂಬ ತತ್ತಿ ಕಟ್ಟಿಕೊಂಡರೂ ಮೊಟ್ಟೆ ಹೊರಗೆ ಬರುವುದಿಲ್ಲ, ಒಳಗೇ ಕರಗಿ ಹೋಗುತ್ತದೆ. ಅದಕ್ಕೇ ಸೂಜಿ ಮದ್ದು ಬಂದದ್ದು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮೀನಿನ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸಿದರು. ಈಗ ಮರಿ ಕೇಂದ್ರಗಳಲ್ಲಿ ಸಿಗುವ ಮರಿಯೆಲ್ಲ ಚುಚ್ಚುಮದ್ದಿನ ಮರಿಯೇ. ಅಂದಮೇಲೆ ನಿಮ್ಮ ಕೆರೆಯಲ್ಲಿ ಮೂರು ಕಿಲೋ ಕಾಟ್ಲಾ ಉಳಿಸಿದರೆ ಮೇವು ತಿನ್ನುವ ಬಾಯಿ ಉಳಿಯುತ್ತದೆ, ಮರಿ ಬರುವುದಿಲ್ಲ.

ಮರಿ ಲೆಕ್ಕ: ತುಂಬಿದ ಕೆರೆಯ 40 ಹೆಕ್ಟೇರಿಗೆ ಬಿಡಬೇಡಿ. ಫೆಬ್ರುವರಿ ಹೊತ್ತಿಗೆ ಎಷ್ಟು ನೀರು ಉಳಿಯುತ್ತದೋ ಅದಕ್ಕೆ ಬಿಡಿ. ಅದು 20 ಹೆಕ್ಟೇರ್ ಅಂದರೆ, ಹೆಕ್ಟೇರಿಗೆ 3,000ದಂತೆ 60,000 ಬಲಿತ ಬಿತ್ತನೆ ಸಾಕು. ಕಾಟ್ಲಾ 40, ರೋಹು 30, ಮೃಗಾಲ್ ಅಥವಾ ಸಾಮಾನ್ಯ ಗೆಂಡೆ 30ರ ಪಾಲು. ಉದ್ದ 80ರಿಂದ 100 ಮಿ.ಮೀ. ಇರಲೇಬೇಕು. ಅಗ್ಗಕ್ಕೆ ಸಿಗುತ್ತದೆಂದು ಇಂಚುದ್ದದ ಮರಿ ತಂದು ಸುರಿದರೆ ಕೊರವ ಮೀನಿಗೆ ಊಟ ಹಾಕಿದ ಹಾಗೆ.

ಬಿಡುವಾಗ ಮರಿ ತಂದ ಆಕ್ಸಿಜನ್ ಚೀಲವನ್ನು ಕಟ್ಟಿದಂತೆಯೇ 15–20 ನಿಮಿಷ ನೀರಿನ ಮೇಲೆ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ, ಕೆರೆ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಮರಿ ತಾನಾಗಿ ಈಜಿ ಹೋಗಲಿ. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಲ್ಲಿ ಮಾತ್ರ. ಕೋಡಿ ಹರಿಯುವುದು ನಿಲ್ಲುವ ತನಕ ಕಾಯಿರಿ. ಮರಿ ತಡೆಯಲೆಂದು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವವರಿದ್ದಾರೆ. ಅದಕ್ಕೆ ಕಸ ಕಟ್ಟಿಕೊಂಡರೆ ನೀರೆಲ್ಲ ಏರಿಯ ಮೇಲೆ ಒತ್ತುತ್ತದೆ. ಮೀನು ಹೋದರೆ ಹೋಗಲಿ, ಏರಿ ಹೋಗಬಾರದು.

ಉಪ್ಪುಗಾಳಿ:
ಮೇಲಿನವರು ಹೇಳಿದ್ದು ಸರಿ. ಆದರೆ ಸಭೆಯಲ್ಲಿ ಕಾಡ್ ಕಥೆಯನ್ನು ಅರ್ಧ ಹೇಳಿದ್ದಾರೆ, ನಿಮಗೆ ಬೇಕಾದದ್ದು ಉಳಿದರ್ಧ.

ಕಾಡ್ ತಣ್ಣೀರ ಕಡಲ ಮೀನು. ಹಿಂಡುಗಟ್ಟಿ ಮೊಟ್ಟೆ ಬಿಡುತ್ತದೆ, ಮೊಟ್ಟೆ ನೀರಲ್ಲಿ ತೇಲುತ್ತದೆ, ತಾಯಿ ಕಾಯುವುದಿಲ್ಲ. ಅಲ್ಲಿ ಮರಿ ತಂದು ಬಿಡುವವರಿಲ್ಲ, ಮುಂದಿನ ಪೀಳಿಗೆ ಪೂರ್ತಿ ತಾಯಿಮೀನಿನ ಮೇಲೆ ನಿಂತಿದೆ. ಅದರಲ್ಲೂ ದೊಡ್ಡ ತಾಯಿಯ ಮೇಲೆ: 30 ಕಿಲೋದ ಒಂದೇ ಹೆಣ್ಣು, ಎರಡೆರಡು ಕಿಲೋದ 28 ಹೆಣ್ಣುಗಳು ಒಟ್ಟಾಗಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಹಾಗಾಗಿ ಅಲ್ಲಿ ದೊಡ್ಡದನ್ನು ಉಳಿಸುವುದಕ್ಕೆ ಅರ್ಥವಿದೆ.

ಈಗ ಉಳಿದರ್ಧ. ಕೆನಡಾದ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡ್ ಆಚೆಯ ಕಾಡ್ 1968ರಲ್ಲಿ ಸುಮಾರು 8 ಲಕ್ಷ ಟನ್ ಹಿಡಿಯಲ್ಪಟ್ಟಿತು, ಹೆಚ್ಚಿನದು ಹೊರದೇಶದ ಟ್ರಾಲರ್‌ಗಳ (ದೊಡ್ಡ ಬಲೆ ಎಳೆಯುವ ಹಡಗುಗಳ) ಪಾಲು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿ ತನ್ನದೆಂದು ಗೆರೆ ಎಳೆದು ಅವರನ್ನು ಹೊರಗಿಟ್ಟಿತು. ಆಮೇಲೆ ತನ್ನದೇ ಟ್ರಾಲರ್‌ಗಳನ್ನು ಇಳಿಸಿತು. ಮೀನು ಕಡಿಮೆಯಾಗುತ್ತಿದ್ದರೂ ಉಳಿದವು ಒಂದೆಡೆ ಗುಂಪುಗೂಡುತ್ತಿದ್ದವು, ಟ್ರಾಲರ್‌ಗಳು ನೇರ ಆ ಗುಂಪಿಗೇ ಹೋಗಿ ಬಲೆ ಹಾಕುತ್ತಿದ್ದವು. ಗಂಟೆಗೆ ಬೀಳುವ ಮೀನು ಇಳಿಯಲೇ ಇಲ್ಲ. ಆ ಅಂಕಿಯನ್ನು ನಂಬಿ ಕಡಲಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮೀನಿದೆ ಎಂದು ಲೆಕ್ಕ ಹಾಕಿದರು, ಹಿಡಿಯುವ ಕೋಟಾನೂ ಹೆಚ್ಚಿಗೆ ಕೊಟ್ಟರು. ಬಲೆಗೆ ಬೀಳುತ್ತಿಲ್ಲ ಅಂತ ದಡದ ಸಣ್ಣ ದೋಣಿಯವರು ಕೂಗುತ್ತಲೇ ಇದ್ದರು. 1992ರ ಜುಲೈ 2ರಂದು ಕೆನಡಾದ ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಅಲ್ಲಿ ಕಾಡ್ ಹಿಡಿಯುವುದನ್ನು ನಿಲ್ಲಿಸಿದಾಗ ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದ ನಿಷೇಧ 2024ರ ತನಕ ಎಳೆಯಿತು, ತೆಗೆದಾಗ ಕೊಟ್ಟ ಮಿತಿ 18,000 ಟನ್.

ಇದೇ ಮೋಸ ನಿಮ್ಮ ಕೆರೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ನೀರು ಐದು ಹೆಕ್ಟೇರಿಗೆ ಇಳಿದಾಗ ಒಂದು ಬೀಸುಬಲೆಗೆ ಮಂಕರಿ ತುಂಬುತ್ತದೆ, ಇನ್ನೂ ಬೇಕಾದಷ್ಟಿದೆ ಅನ್ನಿಸುತ್ತದೆ. ಇರುವುದೇ ಅಷ್ಟು, ಜಾಗ ಕಿರಿದಾಗಿದೆ ಅಷ್ಟೆ. ಬರೀ ಕಿಲೋ ಬರೆದಿಟ್ಟರೆ ಉಪಯೋಗವಿಲ್ಲ. ದಿನಾಂಕ, ಎಷ್ಟು ಬಲೆ, ಎಷ್ಟು ಹೊತ್ತು, ತೂಬಿನ ಹತ್ತಿರ ನೀರಿನ ಮಟ್ಟ, ಜಾತಿವಾರು ಎಣಿಕೆ, ಇಷ್ಟೂ ಒಂದು ಪುಸ್ತಕದಲ್ಲಿರಲಿ. ಬಿಟ್ಟ ಮರಿಗೆ ನೂರಕ್ಕೆ ಎಷ್ಟು ಕೈಗೆ ಬಂತು ಅನ್ನುವುದೇ ನಿಮ್ಮ ನಿಜವಾದ ಅಂಕಿ.

ಕೆರೆಯಂಗಳ_ಶಿರಾ:
ಧನ್ಯವಾದ ಇಬ್ಬರಿಗೂ. ಒಂದು ಅನುಮಾನ: ಹೋದ ವರ್ಷ ಮರಿ ಬಿಡುವ ಮೊದಲೇ ದಡದಲ್ಲಿ ಪುಟ್ಟ ಮರಿಗಳು ಕಂಡಿದ್ದವು. ಅದನ್ನೇ ಸಭೆಯಲ್ಲಿ ಸಾಕ್ಷಿ ಅಂತ ತೋರಿಸ್ತಿದ್ದಾರೆ. ಬಲೆ ಕಣ್ಣಿನ ಮಾತೂ ಉಳಿದುಕೊಂಡಿದೆ.

ತೂಬಿನಕಲ್ಲು:
ಆ ಮರಿ ಕಾಟ್ಲಾದ್ದಲ್ಲ. ಹಿಡಿದು ನೋಡಿ. ಬಾಯಿ ಪಕ್ಕ ಎರಡು ಜೊತೆ ಮೀಸೆ, ಬೆನ್ನಿನ ಈಜುರೆಕ್ಕೆ ಉದ್ದ ಇದ್ದರೆ ಸಾಮಾನ್ಯ ಗೆಂಡೆ. ಇದು ನಿಂತ ನೀರಲ್ಲೇ ಜೊಂಡಿಗೆ, ಪಾಚಿಗೆ ಮೊಟ್ಟೆ ಅಂಟಿಸುತ್ತದೆ. ಬೆನ್ನ ತುಂಬ ಮುಳ್ಳು, ಮೈ ಮೇಲೆ ಅಡ್ಡಪಟ್ಟೆ ಇದ್ದರೆ ಜಿಲೇಬಿ ಮೀನು (ತಿಲಾಪಿಯಾ). ಅದು ಬೇಡವೆಂದರೂ ಹೆಚ್ಚುತ್ತದೆ, ಸಣ್ಣ ಗಾತ್ರದಲ್ಲೇ ಮರಿ ಹಾಕಿ ಕೆರೆ ತುಂಬಿಸುತ್ತದೆ. ಅದನ್ನು ಸಿಕ್ಕಷ್ಟೂ ಹಿಡಿಯಿರಿ, ಕನಿಕರ ಬೇಡ.

ಕೆಂಪಗಿನ ಮರಿಗಳ ಮುದ್ದೆ ಒಟ್ಟಿಗೇ ಮೇಲೆದ್ದು ಮುಳುಗುತ್ತಿದ್ದರೆ ಕೊರವ. ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆ ಹೊತ್ತಲ್ಲಿ ದೊಡ್ಡದನ್ನು ಹೊಡೆದರೆ ಇಡೀ ಮುದ್ದೆ ಬೇರೆ ಮೀನಿನ ಪಾಲು. ಕಾಡ್ ಪಾಠ ನಿಮ್ಮ ಕೆರೆಯಲ್ಲಿ ಯಾವುದಕ್ಕಾದರೂ ಹೊಂದಿದರೆ ಅದು ಇದಕ್ಕೇ, ಕಾಟ್ಲಾಗಲ್ಲ. ಕೊರವಕ್ಕೆ ಒಳ್ಳೆ ಬೆಲೆಯಿದೆ, ಮುಂಗಾರಲ್ಲಿ ಜೊಂಡಿನ ಮೂಲೆಗೆ ಬಲೆ ಬೇಡವೆಂದು ಸಭೆಯಲ್ಲಿ ಬರೆಸಿಬಿಡಿ.

ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ) ಬಲೆಯ ಕಣ್ಣು, ಎಳೆದು ಅಳೆದಾಗ 100 ಮಿ.ಮೀ.ಗಿಂತ ಕಡಿಮೆ ಬೇಡ. ಒಂದು ತೊಡಕಿದೆ: ಕಾಟ್ಲಾ ತಲೆ ದಪ್ಪ, ಮೈ ಅಗಲ. ಅದೇ ಕಣ್ಣಿಗೆ ರೋಹು ಬಲಿತು ಸಿಕ್ಕರೆ ಕಾಟ್ಲಾ ಇನ್ನೂ ಎಳಸಾಗಿರುವಾಗಲೇ ಸಿಕ್ಕಿಬೀಳುತ್ತದೆ. ಮೊದಲ ತಿಂಗಳುಗಳಲ್ಲಿ ಇನ್ನೂ ದೊಡ್ಡ ಕಣ್ಣು ಹಾಕಿ. ಮೃಗಾಲ್ ತಳದ ಮೀನು, ಅದನ್ನು ನೀರಿಳಿದ ಮೇಲೆ ಎಳೆಬಲೆಯಲ್ಲಿ ತೆಗೆಯಬೇಕು. ಬಲೆಗೆ ಸಿಕ್ಕ ಸಣ್ಣದನ್ನು ವಾಪಸ್ ಬಿಡುತ್ತೇವೆ ಅನ್ನುವ ಸಮಾಧಾನ ಬೇಡ; ಪೊರೆ ಉದುರಿದ ಮೀನಿಗೆ ಹತ್ತಿಯಂಥ ಬೂಷ್ಟು ಹಿಡಿದು ಬಹುಪಾಲು ಸಾಯುತ್ತದೆ.

ಉಪ್ಪುಗಾಳಿ:
ಕಾಡ್‌ದೂ ಅದೇ ಪಾಡು. ಆಳದಿಂದ ಮೇಲೆ ಎಳೆದಾಗ ಗಾಳಿಚೀಲ ಉಬ್ಬಿ ಒಡೆಯುತ್ತದೆ, ವಾಪಸ್ ಎಸೆದವುಗಳಲ್ಲಿ ಎಷ್ಟೋ ಬದುಕುವುದಿಲ್ಲ. ನಾರ್ವೆ 1987ರಲ್ಲೇ ಕಾಡ್ ಎಸೆಯುವುದನ್ನು ನಿಷೇಧಿಸಿತು. ಸಣ್ಣ ಮೀನು ಹೆಚ್ಚು ಬಿದ್ದ ಜಾಗವನ್ನೇ ಅಲ್ಲಿ ಮುಚ್ಚುತ್ತಾರೆ. ನೀವೂ ಹಾಗೇ ಮಾಡಿ: ಒಂದು ಕಡೆ ಎಳೆಯ ಮೀನು ಜಾಸ್ತಿ ಬಿದ್ದರೆ ಬಲೆ ಎತ್ತಿ ಕೆರೆಯ ಇನ್ನೊಂದು ಮಗ್ಗುಲಿಗೆ ಹೋಗಿ.