ಸಹಾಯ ಬೇಕು: ಸಸಿ ಪಕ್ಕ ಕಲ್ಲು ನಿಲ್ಲಿಸೋದು ಹೇಗೆ?

ನಮಸ್ಕಾರ. ನಮ್ಮ ಬೀದಿಯವರೆಲ್ಲ ಸೇರಿ ಪಾರ್ಕಿನಲ್ಲಿ ಹನ್ನೆರಡು ಹೊಂಗೆ ಸಸಿ ನೆಡುತ್ತಿದ್ದೇವೆ. ಒಂದೊಂದರ ಪಕ್ಕ ಒಂದು ಕೆತ್ತಿದ ಕಲ್ಲು ನಿಲ್ಲಿಸುವ ಆಸೆ. ಜರ್ಮನಿಯ ಕಾಸೆಲ್‌ನಲ್ಲಿ ಕಲಾವಿದ ಯೋಸೆಫ್ ಬಾಯ್ಸ್ 1982ರಲ್ಲಿ ಶುರು ಮಾಡಿದ್ದು ಇದನ್ನೇ. 7000 ಮರ, ಪ್ರತಿ ಮರದ ಪಕ್ಕ ಒಂದು ಬಸಾಲ್ಟ್ ಕಲ್ಲು. ಮರ ಬೆಳೆಯುತ್ತಾ ಹೋಗುತ್ತೆ, ಕಲ್ಲು ಇದ್ದಷ್ಟೇ ಇರುತ್ತೆ. ಅಶ್ವತ್ಥಕಟ್ಟೆಯ ನಾಗರಕಲ್ಲು ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ, ಅಲ್ವಾ?

ಆದರೆ ಒಂದು ಭಯ. ಹಿಂದೆ ಇಲ್ಲಿನ ಹಳೇ ನೇರಳೆ ಮರಕ್ಕೆ ಕಟ್ಟೆ ಕಟ್ಟಿಸಿದ್ದೆವು. ಮೇಸ್ತ್ರಿ ಬುಡಕ್ಕೆ ಒತ್ತಿ ಕಾಂಕ್ರೀಟ್ ಸುರಿದ. ನಾವೂ ಸುಮ್ನೆ ನೋಡುತ್ತಾ ನಿಂತೆವು. ಈಗ ಕಟ್ಟೆಯ ಬಿರುಕಿನಲ್ಲಿ ಬೆರಳು ತೂರುತ್ತೆ, ಮೇಲೆ ಕೊಂಬೆಗಳ ತುದಿ ಒಣಗುತ್ತಿದೆ.

ತಿಳಿದವರು ಹೇಳಿ: ಸಸಿಯಿಂದ ಎಷ್ಟು ದೂರದಲ್ಲಿ ಕಲ್ಲು ನಿಲ್ಲಿಸಬೇಕು? ನೆಲದ ಮೇಲೆ ನಾಲ್ಕು ಅಡಿ ಕಾಣಬೇಕಾದರೆ ಒಳಗೆ ಎಷ್ಟು ಹೂಳಬೇಕು? ಕಾಂಕ್ರೀಟ್ ಬೇಡವೇ ಬೇಡ, ಜಲ್ಲಿ ತುಂಬಿ ದಮ್ಮಸ್ಸು ಮಾಡಿದರೆ ಸಾಕಾ? ಮಕ್ಕಳು ಜೋತಾಡುವ ಜಾಗ, ಕಲ್ಲು ಅಲ್ಲಾಡಬಾರದು. ಕೆತ್ತನೆಗೆ ಮಾಲೂರು ಹತ್ತಿರದ ಶಿವಾರಪಟ್ಟಣಕ್ಕೆ ಹೋಗುವ ಯೋಚನೆ ಇದೆ. ಅಲ್ಲಿ ಕೆಲಸ ಮಾಡಿಸಿದವರು ಇದ್ದರೆ ಖರ್ಚು ಎಷ್ಟಾಯ್ತು ಅಂತಲೂ ತಿಳಿಸಿ. ಮಳೆಗಾಲಕ್ಕೆ ಮುಂಚೆ ಗುಂಡಿ ತೋಡಬೇಕು.