ನಮ್ಮ ಮನೆಗೆ ಸಿಗ್ನಲ್ ಕೊಡುವ ಟವರ್ ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ತೋಟದಮನೆ:
ನಮ್ಮದು ಹೊಸನಗರ ತಾಲ್ಲೂಕು, ನಗರ ಹೋಬಳಿ. ಒಂಟಿ ಮನೆ. ಮೂರು ಕಡೆ ಗುಡ್ಡ, ಕೆಳಗೆ ಅಡಿಕೆ ತೋಟ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಶನಿವಾರ ರಾತ್ರಿ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್ ಬರುತ್ತೇನೆ. ಉಳಿದ ದಿನ ಅಮ್ಮ ಒಬ್ಬರೇ. ಅವರಿಗೆ 74 ವರ್ಷ.

ಹೋದ ಜುಲೈನಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದರು. ಅಂಗಳಕ್ಕೆಲ್ಲ ಸೋಗೆ ಹಾಸಿದ್ದೆವು. ಬಾವಿಕಟ್ಟೆ ಹತ್ತಿರ ಒಂದು ಮಾರು ಜಾಗ ಬಿಟ್ಟುಹೋಗಿತ್ತು, ಅಲ್ಲೇ ಪಾಚಿ. ಫೋನ್ ಕೈಯಲ್ಲೇ ಇತ್ತು, ಎರಡು ಕಡ್ಡಿ ಸಿಗ್ನಲ್ ತೋರಿಸುತ್ತಿತ್ತಂತೆ. ನನ್ನ ನಂಬರಿಗೆ ಹನ್ನೊಂದು ಸಲ ಒತ್ತಿದ್ದಾರೆ. ಆಮೇಲೆ ಅವರ ಫೋನಲ್ಲಿ ಒಂದೊಂದೇ ಎಣಿಸಿದೆ. ಒಂದೂ ಹೋಗಿಲ್ಲ. ಕೊಳೆ ಔಷಧಿ ಹೊಡೆಯೋಕೆ ಬಂದಿದ್ದ ಹುಡುಗ ನೋಡಿ, ಗುಡ್ಡದ ಮೇಲಿನ ಹಲಸಿನ ಮರದವರೆಗೆ ಮಳೆಯಲ್ಲೇ ಓಡಿ, ಅಲ್ಲಿಂದ ನನಗೆ ಫೋನ್ ಮಾಡಿದ. ಮೂಳೆ ಮುರಿದಿರಲಿಲ್ಲ. ಆದರೆ ಅಮ್ಮ ಮುಕ್ಕಾಲು ಗಂಟೆ ನೆನೆಯುತ್ತಾ ಕೂತಿದ್ದರು. ಅದು ನನ್ನ ತಲೆಯಿಂದ ಹೋಗುತ್ತಿಲ್ಲ.

ಮನೆ ಮೇಲೆ ಆಂಟೆನಾ ಹಾಕಿಸೋಣ ಅಂತ ಹೊರಟರೆ, ಯಾವ ದಿಕ್ಕಿಗೆ ತಿರುಗಿಸಬೇಕು ಅಂತ ಆಂಟೆನಾದವರು ಕೇಳಿದರು. ಟವರ್ ಎಲ್ಲಿದೆ ಅಂತ ಸಿಮ್ ಕಂಪನಿಯ ಸಹಾಯವಾಣಿಗೆ ಮೂರು ಸಲ ಕೇಳಿದೆ. "ನಿಮ್ಮ ಜಾಗದಲ್ಲಿ ಸಿಗ್ನಲ್ ಚೆನ್ನಾಗಿದೆ ಮೇಡಂ" ಅಂತಾರೆ. ಟವರ್ ಜಾಗ ಹೇಳೋಕೆ ಆಗಲ್ಲವಂತೆ, ಭದ್ರತೆಯ ವಿಷಯವಂತೆ. ನೂರಾರು ಅಡಿ ಎತ್ತರದ ಕಂಬ, ತುದಿಯಲ್ಲಿ ಕೆಂಪು ದೀಪ. ಊರಿಗೆಲ್ಲ ಕಾಣುತ್ತೆ ಅಲ್ವಾ? ಅದನ್ನೇ ನಂಬಿಕೊಂಡವರಿಗೆ ಯಾಕೆ ಹೇಳಬಾರದು?

ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಟವರ್ ಇದೆ, ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಒಳಗೆ. ಅದೇ ಇರಬೇಕು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಖಚಿತ ಮಾಡಿಕೊಳ್ಳೋದು ಹೇಗೆ?

ಸಾಗರದ ಹುಡುಗ:
ಅಕ್ಕಾ, ಯಾರನ್ನೂ ಕೇಳೋದು ಬೇಡ, ನಿಮ್ಮ ಫೋನೇ ಹೇಳುತ್ತೆ. ಆಂಡ್ರಾಯ್ಡ್ ಫೋನ್ ಬೇಕು. ಐಫೋನ್‌ನಲ್ಲಿ ಇಂಥ ಆ್ಯಪ್‌ಗಳಿಗೆ ಅಷ್ಟು ಮಾಹಿತಿ ಸಿಗಲ್ಲ.

ನೆಟ್‌ಮಾನ್‌ಸ್ಟರ್ ಅಂತ ಒಂದು ಆ್ಯಪ್ ಇದೆ, ಹಾಕಿಕೊಳ್ಳಿ. ಅದರಲ್ಲಿ ಮೂರು ವಿಷಯ ನೋಡಿ. ಒಂದು, ಆರ್‌ಎಸ್‌ಆರ್‌ಪಿ, ಅಂದರೆ ಫೋನಿಗೆ ಸಿಗೋ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನೋದರ ಅಳತೆ. ಇದು ಮೈನಸ್‌ನಲ್ಲಿ ಇರುತ್ತೆ. ಮೈನಸ್ 85 ಅಂದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ. ಕಡ್ಡಿ ಲೆಕ್ಕ ಬಿಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತೆ.

ಎರಡು, ಸೆಲ್ ಐಡಿ. 4ಜಿ ಆದರೆ ಅದನ್ನು 256ರಿಂದ ಭಾಗಿಸಿ. ಉದಾಹರಣೆಗೆ 8064529 ಅಂತ ಬಂದರೆ, ಭಾಗಲಬ್ಧ 31502, ಶೇಷ 17. ಆ 31502 ಟವರಿನ ನಂಬರ್, 17 ಅನ್ನೋದು ಅದರ ಯಾವ ಮುಖದಿಂದ ನಿಮಗೆ ಸಿಗ್ನಲ್ ಬರುತ್ತಿದೆ ಅನ್ನೋದರ ಗುರುತು. ಮನೆಯಲ್ಲಿ ಬರೋ ಟವರ್ ನಂಬರನ್ನೂ ಬಸ್‌ಸ್ಟ್ಯಾಂಡ್ ಟವರ್ ಬುಡದಲ್ಲಿ ಬರೋ ಟವರ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಎರಡೂ ಬೇರೆ ಇದ್ದರೆ ನಿಮ್ಮ ಟವರ್ ಅದಲ್ಲ.

ಮೂರನೆಯದು ಟಿಎ, ಅಂದರೆ ಟೈಮಿಂಗ್ ಅಡ್ವಾನ್ಸ್. ಟವರ್ ಎಷ್ಟು ದೂರ ಇದೆ ಅಂತ ಅಂದಾಜು ಮಾಡೋಕೆ ಆಗೋ ಸಂಖ್ಯೆ ಇದು. 4ಜಿಯಲ್ಲಿ ಒಂದು ಟಿಎ ಅಂದರೆ ಸುಮಾರು 78 ಮೀಟರ್. ಟಿಎ 20 ಬಂದರೆ ಟವರ್ ಒಂದೂವರೆ ಕಿಲೋಮೀಟರ್ ದೂರ ಅಂತ. ಎಲ್ಲ ಫೋನ್‌ಗಳೂ ಇದನ್ನು ತೋರಿಸಲ್ಲ, ನಿಮ್ಮದರಲ್ಲಿ ಬಂದರೆ ಅದೃಷ್ಟ. ಮೂರು ಜಾಗದಲ್ಲಿ ಟಿಎ ನೋಡಿ, ನಕ್ಷೆ ಮೇಲೆ ಮೂರು ವೃತ್ತ ಎಳೆಯಿರಿ. ಮೂರೂ ಕೂಡೋ ಕಡೆ ಟವರ್ ಇರುತ್ತೆ.

ಸೆಲ್‌ಮ್ಯಾಪರ್, ಓಪನ್‌ಸೆಲ್‌ಐಡಿ ನಕ್ಷೆಗಳನ್ನೂ ನೋಡಿ. ಆದರೆ ಒಂದು ಮಾತು. ಅವು ನಮ್ಮ ನಿಮ್ಮಂಥವರ ಫೋನ್‌ನಿಂದ ಸೇರಿದ ಮಾಹಿತಿ. ರಸ್ತೆಯಲ್ಲಿ ಓಡಾಡಿದವರ ಅಳತೆ ಮೇಲೆ ಟವರ್ ಜಾಗವನ್ನು ಅಂದಾಜು ಮಾಡಿರುತ್ತಾರೆ. ನಮ್ಮ ಕಡೆ ಒಂದು ಟವರನ್ನು ಶರಾವತಿ ಹಿನ್ನೀರಿನ ನಡುವೆ ತೋರಿಸಿತ್ತು. ಮಲೆನಾಡಲ್ಲಿ ಓಡಾಡೋ ರಸ್ತೆಗಳೇ ಕಮ್ಮಿ, ಹಾಗಾಗಿ ತಪ್ಪು ಜಾಸ್ತಿ.

ಟವರ್ ಕೆಲಸದವನು:
ಒಂಬತ್ತು ವರ್ಷ ಟವರ್ ಹತ್ತಿದ್ದೇನೆ ತಂಗಿ. ನಿಮ್ಮ ಅಮ್ಮನ ಹನ್ನೊಂದು ಕಾಲ್ ಯಾಕೆ ಹೋಗಲಿಲ್ಲ ಅಂತ ಹೇಳುತ್ತೇನೆ. ಕಡ್ಡಿ ತೋರಿಸೋದು ಟವರ್ ಮಾತು ಫೋನಿಗೆ ಕೇಳಿಸುತ್ತಿದೆ ಅಂತ ಮಾತ್ರ. ಫೋನ್ ಮಾತು ಟವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಅದು ಬೇರೆ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತೆ. 4ಜಿಯಲ್ಲಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್. ಕಣಿವೆ ಮನೆಗಳಲ್ಲಿ ಇದೇ ಗೋಳು.

ಇನ್ನು ಟವರ್ ಗುರುತಿಸೋದು. ಮೇಲೆ ಉದ್ದುದ್ದ ಹಲಗೆ ಥರ ಇರೋದು ಸೆಕ್ಟರ್ ಆಂಟೆನಾ, ಫೋನ್‌ಗಳ ಜೊತೆ ಮಾತಾಡೋದು ಅದು. ಸಾಮಾನ್ಯವಾಗಿ ಮೂರು ಮುಖ, ಒಂದೊಂದೂ 120 ಡಿಗ್ರಿಗೆ. ಡೋಲಿನ ಹಾಗೆ ದುಂಡಗೆ ಇರೋದು ಒಂದು ಟವರಿನಿಂದ ಇನ್ನೊಂದು ಟವರಿಗೆ ಸಂಪರ್ಕ, ನಮ್ಮ ಫೋನಿಗೂ ಅದಕ್ಕೂ ಸಂಬಂಧ ಇಲ್ಲ. ಬೇಲಿ ಗೇಟಿನ ಮೇಲೆ ಬೋರ್ಡ್ ಇರುತ್ತೆ, ಅದರಲ್ಲಿ ಸೈಟ್ ನಂಬರ್ ಬರೆದಿರುತ್ತೆ. ದೂರು ಕೊಡುವಾಗ ಆ ನಂಬರ್ ಹಾಕಿ, ಬೇಗ ಕೆಲಸ ಆಗುತ್ತೆ. ಟವರ್ ಒಬ್ಬರದು, ಅದರ ಮೇಲೆ ಆಂಟೆನಾ ಇಟ್ಟ ಸಿಮ್ ಕಂಪನಿಗಳು ಎರಡು ಮೂರು ಇರಬಹುದು. ಟವರ್ ಹತ್ತಿರ ಇದ್ದ ಮಾತ್ರಕ್ಕೆ ನಿಮ್ಮ ಸಿಮ್‌ನವರು ಅದರ ಮೇಲೆ ಇದ್ದಾರೆ ಅಂತಲ್ಲ.

ಆ್ಯಪ್ ಇಲ್ಲದೆ ದಿಕ್ಕು ನೋಡೋ ಹಳೇ ಉಪಾಯ ಒಂದಿದೆ. ಬಯಲಲ್ಲಿ ನಿಂತು ಫೋನನ್ನು ಎದೆಗೆ ಒತ್ತಿ ಹಿಡಿದು ನಿಧಾನಕ್ಕೆ ಸುತ್ತಿ, ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿ. ಬೆನ್ನು ಟವರ್ ಕಡೆ ಇದ್ದಾಗ ನಿಮ್ಮ ಮೈಯೇ ಅಡ್ಡ ಬಂದು ಸಿಗ್ನಲ್ ಇಳಿಯುತ್ತೆ. ನಾಲ್ಕೈದು ಸಲ ಮಾಡಿದರೆ ಗೊತ್ತಾಗುತ್ತೆ.

ಅಂಗಡಿಯಲ್ಲಿ ಬೂಸ್ಟರ್ ಅಂತ ಮಾರುತ್ತಾರೆ, ತಗೋಬೇಡಿ. ಪರವಾನಗಿ ಇಲ್ಲದೆ ಹಾಕಿಕೊಳ್ಳೋದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತೆ. ಆಂಟೆನಾ ಸಿಕ್ಕಿಸೋ ಜಾಗ ಇರೋ 4ಜಿ ರೂಟರ್ ತಗೊಂಡು, ಹೊರಗಿನ ಆಂಟೆನಾ ಅದಕ್ಕೇ ಕೊಡಿ. ಕೇಬಲ್ ಆದಷ್ಟು ಗಿಡ್ಡ ಇರಲಿ, ಉದ್ದ ಆದಷ್ಟೂ ಸಿಕ್ಕಿದ ಸಿಗ್ನಲ್ ಕೇಬಲ್ಲಲ್ಲೇ ಸೋರಿಹೋಗುತ್ತೆ. ಅಮ್ಮನ ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಆಗ ಕಾಲ್ ರೂಟರ್ ಮೂಲಕ ಹೋಗುತ್ತೆ.

ನಿವೃತ್ತ ಮೇಷ್ಟ್ರು:
ಸರ್ಕಾರದ ಕಡೆಯಿಂದಲೂ ದಾರಿ ಇದೆ ಅಮ್ಮಾ. ತರಂಗ್ ಸಂಚಾರ್ ಅಂತ ದೂರಸಂಪರ್ಕ ಇಲಾಖೆಯ ಪೋರ್ಟಲ್, 2017ರಲ್ಲಿ ಶುರುವಾಯಿತು. ಹೆಸರು, ಇಮೇಲ್, ಮೊಬೈಲ್ ನಂಬರ್ ಕೊಟ್ಟು ಒಳಗೆ ಹೋದರೆ ನಿಮ್ಮ ಸುತ್ತಲಿನ ಟವರ್‌ಗಳು ನಕ್ಷೆಯಲ್ಲಿ ಕಾಣುತ್ತವೆ. ಅಂದಮೇಲೆ ಭದ್ರತೆ ಅಂತ ನಿಮಗೆ ಹೇಳಿದ್ದು ಸರಿಯಲ್ಲ. ಸರ್ಕಾರವೇ ನಕ್ಷೆ ತೆರೆದಿಟ್ಟಿದೆ.

ಅದು ಮುಖ್ಯವಾಗಿ ವಿಕಿರಣದ ಭಯ ಇರುವವರಿಗೆ ಮಾಡಿದ್ದು. 2012ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ.  ಟವರ್ ಪಕ್ಕದ ಮನೆಯವರು ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ಪೋರ್ಟಲ್‌ನಲ್ಲಿ ಸ್ಪಷ್ಟ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಖಾಸಗಿ ಕಂಪನಿಗಳು ಈ ಕಾಯ್ದೆಯಡಿ ಬರಲ್ಲ, ಆದರೆ ದೂರಸಂಪರ್ಕ ಇಲಾಖೆ ಬರುತ್ತೆ, ಬಿಎಸ್‌ಎನ್‌ಎಲ್ ಬರುತ್ತೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. "ನಮ್ಮೂರಲ್ಲಿ ಸಿಗ್ನಲ್ ಯಾಕಿಲ್ಲ" ಅಂತ ಕೇಳಬೇಡಿ, ಅದಕ್ಕೆ ಜಾರಿಕೊಳ್ಳುವ ಉತ್ತರ ಬರುತ್ತೆ. "ಇಂಥ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಎಷ್ಟು ಟವರ್, ಅಕ್ಷಾಂಶ ರೇಖಾಂಶ ಏನು, ಯಾವತ್ತು ಚಾಲೂ ಆಯಿತು" ಅಂತ ಕೇಳಿ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಿಂದ ಸಿಮ್ ಕಂಪನಿಗಳೂ ಈಗ ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಿವೆ. ನಿಮ್ಮ ಮನೆ ಅದರಲ್ಲಿ ಬಣ್ಣದೊಳಗೆ ಇದ್ದರೆ ಒಂದು ಫೋಟೊ ತೆಗೆದಿಡಿ, ದೂರಿಗೆ ಬೇಕಾಗುತ್ತೆ.

ಮ್ಯಾಂಚೆಸ್ಟರ್‌ನಿಂದ:
ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ನಾನಿರೋ ಇಂಗ್ಲೆಂಡಿನಲ್ಲಿ ಸೈಟ್‌ಫೈಂಡರ್ ಅಂತ ಇತ್ತು. ಮೊಬೈಲ್‌ನಿಂದ ಆರೋಗ್ಯಕ್ಕೆ ಏನಾಗುತ್ತೆ ಅಂತ ನೋಡಿದ ಸ್ಟೀವರ್ಟ್ ಸಮಿತಿ 2000ದಲ್ಲಿ ಹೇಳಿದ ಮೇಲೆ ಸರ್ಕಾರ ಮಾಡಿದ್ದು. ಊರಿನ ಹೆಸರು ಹಾಕಿದರೆ ಟವರ್‌ಗಳು ಕಾಣುತ್ತಿದ್ದವು. ಆದರೆ ಕಂಪನಿಗಳು ಮಾಹಿತಿ ಕೊಡಲೇಬೇಕು ಅಂತ ಕಾನೂನು ಇರಲಿಲ್ಲ. ಒಂದೊಂದಾಗಿ ಕೊಡೋದು ನಿಲ್ಲಿಸಿದವು. 2012ರ ನಂತರ ಹೊಸದೇನೂ ಸೇರಲಿಲ್ಲ, ಈಗ ಅದು ಮುಚ್ಚಿದೆ. ಎಲ್ಲ ಟವರ್‌ಗಳ ಪಟ್ಟಿ ಒಟ್ಟಿಗೆ ಕೊಡಿ ಅಂತ ಒಬ್ಬರು ಕೇಳಿದ್ದು ಯುರೋಪಿನ ನ್ಯಾಯಾಲಯದವರೆಗೂ ಹೋಯಿತು. ಫ್ರಾನ್ಸಿನಲ್ಲಿ ಹಾಗಲ್ಲ, ಅಲ್ಲಿ ಸರ್ಕಾರಿ ಸಂಸ್ಥೆಯ ಕಾರ್ಟೋರೇಡಿಯೊ ನಕ್ಷೆ ಎಲ್ಲರಿಗೂ ತೆರೆದಿದೆ, ಅಳತೆಗಳೂ ಅದರಲ್ಲೇ ಸಿಗುತ್ತವೆ. ನಮ್ಮ ತರಂಗ್ ಸಂಚಾರ್ ಉಳಿಯಬೇಕಾದರೆ ಜನ ಬಳಸಬೇಕು, ತಪ್ಪಿದ್ದರೆ ಬರೆಯಬೇಕು.

ತೋಟದಮನೆ:
ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ಭಾನುವಾರ ಇದೇ ಕೆಲಸ ಮಾಡಿದೆ. ಆದದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಮೊದಲು ಮನೆ ಹತ್ತಿರ ಆರ್‌ಎಸ್‌ಆರ್‌ಪಿ ಅಳೆದೆ. ಜಗಲಿಯಲ್ಲಿ ಮೈನಸ್ 113, ಅಡುಗೆಮನೆಯಲ್ಲಿ 119, ಅಮ್ಮ ಬಿದ್ದ ಜಾಗದಲ್ಲಿ 116. ಹಲಸಿನ ಮರದ ಹತ್ತಿರ 94. ಆಮೇಲೆ ಬಸ್‌ಸ್ಟ್ಯಾಂಡ್ ಟವರ್ ಬುಡಕ್ಕೆ ಹೋದೆ. ಅಲ್ಲಿ ಬಂದ ನಂಬರೇ ಬೇರೆ! ಇಷ್ಟು ವರ್ಷ ಊರೆಲ್ಲ ಅದೇ ಅಂತ ನಂಬಿತ್ತು.

ನನ್ನ ಫೋನಲ್ಲಿ ಟಿಎ ಬರಲಿಲ್ಲ. ಔಷಧಿ ಹೊಡೆಯೋ ಹುಡುಗನ ಫೋನಲ್ಲಿ ಬಂತು. ಹಲಸಿನ ಮರದ ಹತ್ತಿರ 52. ಅಂದರೆ ನಾಲ್ಕು ಕಿಲೋಮೀಟರ್. ಮರುವಾರ ಸಂಜೆ ಏಳು ಗಂಟೆಗೆ ಇಬ್ಬರೂ ಬ್ಯಾಟರಿ ಹಿಡಿದು ಮತ್ತೆ ಗುಡ್ಡ ಹತ್ತಿದೆವು. ಮಳೆ ಬಿಟ್ಟಿತ್ತು. ಮೊದಲು ಏನೂ ಕಾಣಲಿಲ್ಲ, ಬರೀ ಮಂಜು. ಇಂಬಳ ಕಾಲಿಗೆ ಹತ್ತುತ್ತಿತ್ತು, ವಾಪಸ್ ಹೋಗೋಣ ಅಂತಿದ್ದೆ. ಅಷ್ಟರಲ್ಲಿ ಮಂಜು ಸ್ವಲ್ಪ ಸರಿಯಿತು. ಹಿನ್ನೀರಿನ ಆಚೆ, ಎರಡು ಗುಡ್ಡದ ಸಂದಿಯಲ್ಲಿ, ಒಂದೇ ಒಂದು ಕೆಂಪು ದೀಪ. ಫೋನಿನ ದಿಕ್ಸೂಚಿ ಇಟ್ಟು ನೋಡಿದೆ, ಪಶ್ಚಿಮಕ್ಕೆ ಸ್ವಲ್ಪ ಉತ್ತರ. ಬಸ್‌ಸ್ಟ್ಯಾಂಡಿನ ಪೂರ್ತಿ ಎದುರು ದಿಕ್ಕು. ಮನೆಗೆ ಬಂದು ತರಂಗ್ ಸಂಚಾರ್‌ನಲ್ಲಿ ನೋಡಿದರೆ ಅದೇ ಜಾಗದಲ್ಲಿ ಟವರ್ ಗುರುತು ಇತ್ತು. ನನಗೆ ಕಣ್ಣಲ್ಲಿ ನೀರು ಬಂತು.

ಆಂಟೆನಾವನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಬ್ಬಿಣದ ಪೈಪಿಗೆ ಕಟ್ಟಿಸಿದೆ, ಆ ಸಂದಿಯ ಕಡೆಗೆ. ಒಂದು ಗೇಣು ಆಚೆ ಈಚೆ ತಿರುಗಿಸಿದರೂ ನಂಬರ್ ಬದಲಾಗುತ್ತೆ. ಕೊನೆಗೆ ರೂಟರ್‌ನಲ್ಲಿ ಮೈನಸ್ 98ಕ್ಕೆ ನಿಂತಿತು. ಅಮ್ಮ ಮೊನ್ನೆ ಅಡುಗೆಮನೆಯಿಂದಲೇ ಫೋನ್ ಮಾಡಿ, ಪತ್ರೊಡೆಗೆ ಕೆಸುವಿನ ಎಲೆ ಕೊಯ್ದಿಟ್ಟಿದ್ದೇನೆ, ಶನಿವಾರ ಬೇಗ ಬಾ ಅಂದರು. ಪಕ್ಕದಲ್ಲಿ ಒಗ್ಗರಣೆ ಚಟಪಟ ಅನ್ನೋದೂ ಕೇಳಿಸಿತು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇನೆ, ನಮ್ಮ ಪಂಚಾಯ್ತಿಯ ಎಲ್ಲ ಟವರ್‌ಗಳಿಗೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಪಂಚಾಯ್ತಿ ಗೋಡೆಗೂ ಅಂಟಿಸಬೇಕು ಅಂತಿದ್ದೇನೆ, ನಮ್ಮ ಹಾಗೆ ಬೇರೆ ಟವರನ್ನು ನಂಬಿ ತಪ್ಪು ದಿಕ್ಕಿಗೆ ಆಂಟೆನಾ ಹಾಕಿಸಿಕೊಂಡವರು ಇನ್ನೂ ಎಷ್ಟು ಮನೆಯವರೋ.

ಒಂದು ಚಿಂತೆ ಉಳಿದಿದೆ. ಕರೆಂಟ್ ಹೋಗಿ ಮೂರು ಗಂಟೆ ಆದರೆ ಟವರೇ ಸತ್ತುಹೋಗುತ್ತೆ, ಬ್ಯಾಟರಿ ಮುಗಿಯುತ್ತೆ ಅನ್ನಿಸುತ್ತೆ. ರೂಟರಿಗೆ ನಾನು ಯುಪಿಎಸ್ ಇಟ್ಟು ಪ್ರಯೋಜನ ಇಲ್ಲ. ಟವರ್ ಕೆಲಸದ ಅಣ್ಣಾ, ಇದನ್ನು ಯಾರಿಗೆ ಬರೆಯಬೇಕು? ಗೇಟಿನ ಸೈಟ್ ನಂಬರ್ ತರೋಕೆ ಬರೋ ಭಾನುವಾರ ಹಿನ್ನೀರು ಸುತ್ತಿ ಹೋಗುತ್ತಿದ್ದೇನೆ.

ಟವರ್ ಕೆಲಸದವನು:
ಬೋರ್ಡಿನ ಫೋಟೊ ತೆಗೆದು ಬಾ ತಂಗಿ. ಕರೆಂಟ್ ಹೋದ ದಿನ, ಹೋದ ಹೊತ್ತು, ಸಿಗ್ನಲ್ ಸತ್ತ ಹೊತ್ತು, ಇಷ್ಟನ್ನು ಒಂದು ಕ್ಯಾಲೆಂಡರ್ ಮೇಲೆ ಬರೆದಿಡೋಕೆ ಅಮ್ಮನಿಗೆ ಹೇಳು. ಎರಡು ವಾರದ್ದು ಸಾಕು. ದೂರು ಹೇಗೆ ಬರೆಯೋದು ಅಂತ ನಾನು ಹೇಳಿಕೊಡುತ್ತೇನೆ.